ಒಪ್ಪಿಸುವುದು ಎಂದರೆ ಮೊದಲು ಹೇಳಿಕೊಳ್ಳುವುದು

ಬೀರೂರು ಜಂಕ್ಷನ್ನಿನಲ್ಲಿ ರೈಲು ಹಳಿ ಎರಡಾಗುತ್ತದೆ. ಬೆಂಗಳೂರಿನಿಂದ ಕಡೂರು ದಾಟಿ ಬಂದ ಗಾಡಿಗಳಲ್ಲಿ ಕೆಲವು ಅಜ್ಜಂಪುರದ ಮೇಲೆ ಹುಬ್ಬಳ್ಳಿಗೆ, ಕೆಲವು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಹೋಗುತ್ತವೆ. ಈ ತಿಂಗಳು ನಾನು ಉತ್ತರಕ್ಕೆ ಎತ್ತಿಕೊಂಡಿರುವ ಐದು ಪತ್ರಗಳೂ ಆ ಹಳಿಯ ಊರುಗಳಿಂದಲೇ ಬಂದವು. ಬರೆದವರು ಒಬ್ಬರಿಗೊಬ್ಬರು ಪರಿಚಿತರಲ್ಲ. ಆದರೂ ಐದೂ "ದೇವರ ಚಿತ್ತ"ದ ಸುತ್ತಲೇ ಇವೆ, ಹೆಚ್ಚಿನವುಗಳಲ್ಲಿ ಆ ಮಾತು ನೋಯುತ್ತಿದೆ. ಅದಕ್ಕೇ ಒಟ್ಟಿಗೆ ಉತ್ತರಿಸುತ್ತಿದ್ದೇನೆ. ಅವರ ಅಪೇಕ್ಷೆಯಂತೆ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಅಯ್ಯನವರಿಗೆ ವಂದನೆಗಳು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಮೂರು ವರ್ಷದಿಂದ ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ರಾತ್ರಿ ಪಾಳಿ ಮುಗಿಸಿ ಬಂದು ಜರ್ಮನ್ ಕಲಿತು ಬಿ-2 ಪರೀಕ್ಷೆ ಪಾಸು ಮಾಡಿದ್ದೇನೆ. ಅಲ್ಲಿಗೆ ಹೋಗಬೇಕೆಂಬುದು ನನ್ನ ಆಶೆ. ಅಪ್ಪ ಸಭೆಯ ಹಿರಿಯರು. ಭದ್ರಾವತಿಯಿಂದ ಒಂದು ಸಂಬಂಧ ಬಂದಿದೆ. "ಉಪವಾಸವಿದ್ದು ಪ್ರಾರ್ಥಿಸಿದ್ದೇವೆ, ಇದೇ ದೇವರ ಚಿತ್ತ, ನಿನ್ನ ಆಶೆಯನ್ನು ಶಿಲುಬೆಗೆ ಹಾಕು" ಎನ್ನುತ್ತಾರೆ. ಹುಡುಗ ಕೆಟ್ಟವನಲ್ಲ. ಆದರೆ ನನಗೆ ಹೋಗಬೇಕು. ಹೀಗೆ ಬಯಸುವುದೇ ಪಾಪವೇ? — ಒಬ್ಬ ಯುವತಿ, ಕಡೂರು

ಉತ್ತರ: ಮಗಳೇ, ನಿನ್ನ ಅಪ್ಪನ ಉಪವಾಸವನ್ನು ನಾನು ಹಗುರ ಮಾಡುವುದಿಲ್ಲ. ಮಗಳಿಗಾಗಿ ಊಟ ಬಿಟ್ಟು ಮೊಣಕಾಲೂರುವ ತಂದೆ ಎಲ್ಲರಿಗೂ ಸಿಗುವುದಿಲ್ಲ. ಆದರೆ ಅವರ ಜೊತೆ ಕೂತು ಆದಿಕಾಂಡದ 24ನೆಯ ಅಧ್ಯಾಯವನ್ನು ಇನ್ನೊಮ್ಮೆ ಓದು. ನಮ್ಮಲ್ಲಿ ಮದುವೆ ಮಾತು ಬಂದಾಗಲೆಲ್ಲ ತೆರೆಯುವ ಅಧ್ಯಾಯ ಅದು. ಅಬ್ರಹಾಮನ ಸೇವಕ ಬಾವಿಯ ಬಳಿ ಪ್ರಾರ್ಥಿಸುತ್ತಾನೆ. ಕೇಳಿದ ಗುರುತೇ ಸಿಗುತ್ತದೆ. ಇದು ದೇವರಿಂದಲೇ ಆದದ್ದು, ನಾವೇನು ಹೇಳುವುದು ಎಂದು ಲಾಬಾನನೂ ಬೆತೂವೇಲನೂ ತಲೆಬಾಗುತ್ತಾರೆ. ನಾವು ಓದನ್ನು ಅಲ್ಲಿಗೆ ನಿಲ್ಲಿಸಿಬಿಡುತ್ತೇವೆ. ಏಳು ವಾಕ್ಯ ಮುಂದೆ ಹೋದರೆ, ಹೊರಡುವ ದಿನದ ಮಾತು ಬಂದಾಗ, ಅದೇ ಮನೆಯವರು ರೆಬೆಕ್ಕಳನ್ನು ಕರೆದು ಹೋಗುತ್ತೀಯಾ ಎಂದು ಅವಳನ್ನೇ ಕೇಳುತ್ತಾರೆ. ದೇವರ ಕಾರ್ಯವೆಂದು ಹಿರಿಯರೆಲ್ಲ ಒಪ್ಪಿದ ಮೇಲೂ ಹುಡುಗಿಯ ಬಾಯಿಂದ ಒಂದು ಮಾತು ಬರಬೇಕಿತ್ತು. ಮರಿಯಳ ವಿಷಯದಲ್ಲಂತೂ ಗಬ್ರಿಯೇಲನೇ ನಿಂತು ಅವಳ ಪ್ರಶ್ನೆಯನ್ನು ಕೇಳಿಸಿಕೊಂಡ, ಉತ್ತರ ಕೊಟ್ಟ. ಅವಳು ಆಗಲಿ ಎಂದ ಮೇಲೆಯೇ ಅವನು ಹೊರಟುಹೋದ. ದೇವದೂತನೇ ಕಾದನೆಂದ ಮೇಲೆ ಸಭೆಯ ಹಿರಿಯರು ಕಾಯಬಹುದು.

ಇನ್ನು ಆಶೆಯ ಮಾತು. ಕನ್ನಡದಲ್ಲಿ "ಒಪ್ಪಿಸು" ಎನ್ನುವುದು ಎರಡು ಕಡೆ ಬಳಕೆಯಾಗುತ್ತದೆ. ಕೈಯಲ್ಲಿರುವುದನ್ನು ಇನ್ನೊಬ್ಬರ ಕೈಗೆ ಕೊಟ್ಟರೂ ಒಪ್ಪಿಸಿದೆ ಎನ್ನುತ್ತೇವೆ. ಶಾಲೆಯಲ್ಲಿ ಮೇಷ್ಟ್ರ ಮುಂದೆ ಕೈಕಟ್ಟಿ ನಿಂತು ಮಗ್ಗಿ ಹೇಳಿದರೂ ಒಪ್ಪಿಸಿದೆ ಎನ್ನುತ್ತೇವೆ. ನನ್ನ ನಲವತ್ತು ವರ್ಷದ ಸೇವೆಯಲ್ಲಿ ಕಂಡದ್ದೇನೆಂದರೆ, ದೇವರಿಗೆ ಆಶೆಯನ್ನು ಒಪ್ಪಿಸುತ್ತೇವೆ ಎನ್ನುವವರು ಈ ಎರಡನೆಯದನ್ನು ಬಿಟ್ಟು ಮೊದಲನೆಯದಕ್ಕೆ ಹಾರುತ್ತಾರೆ. ಏನು ಬೇಕೆಂದು ಬಾಯಿಬಿಟ್ಟು ಹೇಳುವುದಕ್ಕೇ ಹೆದರಿಕೆ. ಹೇಳದ್ದನ್ನು ಕೊಡುವುದು ಹೇಗೆ? ಗೆತ್ಸೇಮನೆಯಲ್ಲಿ ಯೇಸುಸ್ವಾಮಿ ತಂದೆಯ ಚಿತ್ತಕ್ಕೆ ತಲೆಬಾಗಿದ್ದನ್ನು ನಾವು ಪ್ರತಿ ಶುಭ ಶುಕ್ರವಾರದ ಹೊತ್ತಿಗೆ ನೆನೆಯುತ್ತೇವೆ. ಅದಕ್ಕೂ ಮೊದಲು ಆತನು ಆ ಪಾತ್ರೆ ತನಗೆ ಬೇಡವೆಂದು ಬಾಯಿಬಿಟ್ಟು ಹೇಳಿದ. ಒಮ್ಮೆಯಲ್ಲ, ಹೋಗಿ ಬಂದು ಮೂರು ಸಲ. ಆ ಬೇಡಿಕೆಯನ್ನು ಪಾಪವೆನ್ನುವ ಧೈರ್ಯ ಯಾರಿಗಿದೆ?

ಹಾಗಾಗಿ ನಿನ್ನ ಆಶೆಯನ್ನು ಬಿಡಿಸಿ ಹೇಳು. ಅದರಲ್ಲಿ ರೋಗಿಗಳ ಸೇವೆ ಎಷ್ಟಿದೆ, ಸಂಬಳ ಎಷ್ಟಿದೆ, ಮನೆಯಿಂದ ದೂರ ಹೋಗುವ ತವಕ ಎಷ್ಟಿದೆ? ಎಲ್ಲವೂ ಇರಬಹುದು, ಇದ್ದರೆ ನಾಚಿಕೆಯಿಲ್ಲ. ಮನೆಗೆ ದುಡ್ಡು ಬೇಕೆಂಬುದೂ ದೇವರ ಮುಂದೆ ಹೇಳಬಹುದಾದ ಮಾತೇ. ಹೇಳಿದ ಮೇಲೆ ಇನ್ನೊಂದು ಮಾತಿಗೂ ಸಿದ್ಧಳಾಗು, ಇದು ನಿನಗೆ ಹಿಡಿಸದಿರಬಹುದು. ಪರೀಕ್ಷೆ ಪಾಸಾಯಿತು ಎಂದ ಮಾತ್ರಕ್ಕೆ ಹೋಗುವುದೇ ದೇವರ ಚಿತ್ತವೆಂದು ಆಗುವುದಿಲ್ಲ. ಅಪ್ಪ ಮಾಡಿದ ತಪ್ಪನ್ನೇ ನೀನು ಇನ್ನೊಂದು ಕಡೆಯಿಂದ ಮಾಡಬೇಡ. ವೀಸಾ ಸಿಗದೆ ಹೋದರೆ ದೇವರು ಕೈಬಿಟ್ಟನೆಂದು ಕೂರುವವಳಾದರೆ ನೀನು ಇನ್ನೂ ಒಪ್ಪಿಸಿಲ್ಲ.

ಎರಡು ಲೋಕದ ಮಾತು. ಏಜೆನ್ಸಿಯ ಮೂಲಕ ಹೋಗುವುದಾದರೆ ಅದು ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿದ್ದೋ ಎಂದು ನೋಡಿಕೊಂಡೇ ಕಾಗದಕ್ಕೆ ಸಹಿ ಹಾಕು. 1983ರ ವಲಸೆ ಕಾಯಿದೆಯ ಪ್ರಕಾರ ಆ ನೋಂದಣಿ ಬೇಕೇ ಬೇಕು. ಎರಡನೆಯದು, ಭದ್ರಾವತಿಯ ಹುಡುಗನನ್ನು ತಿಂಗಳುಗಟ್ಟಲೆ ಕಾಯಿಸಬೇಡ. ಅವನ ಮನೆಯಲ್ಲೂ ಯಾರೋ ಉಪವಾಸ ಮಾಡುತ್ತಿರುತ್ತಾರೆ.

ಪ್ರಶ್ನೆ: ಹೊಸ ವರ್ಷದ ರಾತ್ರಿ ಆರಾಧನೆಯಲ್ಲಿ ತೆಗೆದ ವಾಗ್ದಾನ ಕಾರ್ಡನ್ನು ದೇವರ ಚಿತ್ತವೆಂದು ನಂಬಬಹುದೇ? ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟ ವಾಕ್ಯ? — ಪಿಯುಸಿ ವಿದ್ಯಾರ್ಥಿ, ತರೀಕೆರೆ

ಉತ್ತರ: ಕಾರ್ಡಿನ ಮೇಲಿರುವುದು ದೇವರ ವಾಕ್ಯವೇ, ಪರ್ಸಿನಲ್ಲಿ ಇಟ್ಟುಕೋ, ಧೈರ್ಯ ಬರುತ್ತದೆ. ಸೈನ್ಸೋ ಕಾಮರ್ಸೋ ಎಂದು ಅದನ್ನು ಕೇಳಬೇಡ. ಡಬ್ಬಿಯಲ್ಲಿ ಬರೀ ಆಶೀರ್ವಾದದ ವಾಕ್ಯಗಳನ್ನೇ ಆರಿಸಿ ಹಾಕಿರುತ್ತಾರೆ, ಶಿಲುಬೆ ಹೊರುವ ವಾಕ್ಯ ಯಾರ ಕೈಗೂ ಬರುವುದಿಲ್ಲ. ನಮ್ಮ ಹಿರಿಯರ ಹೊಸ ವರ್ಷ ಬೇರೆ ಥರ ಇತ್ತು. ಜಾನ್ ವೆಸ್ಲಿ 1755ರಲ್ಲಿ ಲಂಡನ್ನಿನಲ್ಲಿ ಒಡಂಬಡಿಕೆಯ ಆರಾಧನೆಯನ್ನು ಶುರು ಮಾಡಿದರು. ಈ ವರ್ಷ ನನ್ನನ್ನು ಕೆಲಸಕ್ಕೆ ಹಚ್ಚಿದರೂ ಸರಿ, ಪಕ್ಕಕ್ಕೆ ಕೂರಿಸಿದರೂ ಸರಿ ಎಂದು ಸಭೆಯೆಲ್ಲ ದೇವರಿಗೆ ಮಾತು ಕೊಡುವ ಆರಾಧನೆ ಅದು. ಮೈಸೂರು ಸೀಮೆಯ ವೆಸ್ಲಿಯನ್ ಸಭೆಗಳು 1947ರ ಸೆಪ್ಟೆಂಬರ್ 27ರಂದು ಸಿ.ಎಸ್.ಐ. ಸೇರಿದಾಗ ಆ ಆರಾಧನೆಯನ್ನೂ ಜೊತೆಗೆ ತಂದವು. ನಿಮ್ಮ ಸಭೆಯಲ್ಲಿ ಈಗ ಅದು ನಡೆಯುತ್ತಿಲ್ಲವಾದರೆ ಯೌವನಸ್ಥರೇ ಹೋಗಿ ಅಯ್ಯನವರನ್ನು ಕೇಳಿ.

ಪ್ರಶ್ನೆ: ಎಂಟು ಎಕರೆ ಜಮೀನು. ಮೊದಲು ಈರುಳ್ಳಿ, ರಾಗಿ ಬೆಳೆಯುತ್ತಿದ್ದೆವು. ಆರು ವರ್ಷದ ಹಿಂದೆ ನಾಲ್ಕು ಎಕರೆಗೆ ಅಡಿಕೆ ಹಾಕಿದೆ. ಈಗ ಮೂರು ಬೋರ್ ಫೇಲಾಗಿ ತೋಟ ಒಣಗುತ್ತಿದೆ. ಕೈಸಾಲ, ಸೊಸೈಟಿ ಸಾಲ ಎರಡೂ ಇದೆ. ಪ್ರಾರ್ಥನೆ ಕೂಟಕ್ಕೆ ಬಂದ ಒಬ್ಬ ಬೋಧಕರು "ನಿನ್ನಲ್ಲಿ ಒಪ್ಪಿಸದ ಆಶೆ ಇದೆ, ಅದಕ್ಕೇ ದೇವರು ನೀರನ್ನು ತಡೆದಿದ್ದಾನೆ" ಎಂದರು. ಅವತ್ತಿನಿಂದ ನಿದ್ದೆ ಇಲ್ಲ. ಜಮೀನು ಮಾರಿ ಮಗನ ಜೊತೆ ಬೆಂಗಳೂರಿಗೆ ಹೋಗುವುದೇ ದೇವರ ಚಿತ್ತ ಇರಬಹುದೇ? — ಒಬ್ಬ ರೈತ, ಅಜ್ಜಂಪುರ

ಉತ್ತರ: ಸಹೋದರರೇ, ಆ ಬೋಧಕರ ಮಾತನ್ನು ಮೊದಲು ಮನಸ್ಸಿನಿಂದ ತೆಗೆಯಿರಿ. ನಿಮ್ಮ ಸೀಮೆಯ ನೆಲದಡಿ ಗಟ್ಟಿ ಬಂಡೆ. ನೀರು ನಿಲ್ಲುವುದು ಬಂಡೆಯ ಬಿರುಕುಗಳಲ್ಲಿ. ಬಿರುಕಿಗೆ ಕೊಳವೆ ಸಿಕ್ಕಿದರೆ ನೀರು, ತಪ್ಪಿದರೆ ದೂಳು. ಬಾಬಾಬುಡನ್ ಗಿರಿಯ ಆ ಕಡೆ ಸುರಿಯುವ ಮಳೆ ಈ ಕಡೆ ಬರುವ ಹೊತ್ತಿಗೆ ಬಹುಪಾಲು ಮುಗಿದಿರುತ್ತದೆ. ಇಂಗಿದಷ್ಟನ್ನೂ ಸಾವಿರಾರು ಬೋರುಗಳು ಎತ್ತಿಬಿಡುತ್ತವೆ. ಪಕ್ಕದ ಕಡೂರಿನ ಮದಗದ ಕೆರೆಗೆ ಮಳೆ ಬಂದದ್ದನ್ನು ನಮ್ಮ ಜನ ಹಾಡು ಕಟ್ಟಿ ಹಾಡಿದ್ದಾರೆ. ಮಳೆ ಇಲ್ಲಿ ಹಾಡು ಕಟ್ಟುವಷ್ಟು ಅಪರೂಪ, ಅಷ್ಟು ಪ್ರಿಯ. ಇದೆಲ್ಲ ನಿಮ್ಮೊಬ್ಬರ ಎದೆಯೊಳಗಿನ ಆಶೆಗೆ ಕೊಟ್ಟ ಶಿಕ್ಷೆಯೇ? ಹಾಗಾದರೆ ಪ್ರಾರ್ಥನೆಗೇ ಬಾರದ ಪಕ್ಕದ ಹೊಲದವನಿಗೆ ಎರಡೂವರೆ ಇಂಚು ನೀರು ಬಿದ್ದದ್ದು ಯಾವ ಪುಣ್ಯಕ್ಕೆ? ದುಷ್ಟರಿಗೂ ಶಿಷ್ಟರಿಗೂ ಒಂದೇ ಮಳೆ ಎಂದು ಕಲಿಸಿದವರು ನಮ್ಮ ಕರ್ತರು.

ಅಷ್ಟು ಹೇಳಿದ ಮೇಲೆ ಒಂದು ಗಟ್ಟಿ ಮಾತನ್ನೂ ಹೇಳಬೇಕು. ನಿಮ್ಮ ಪತ್ರದಲ್ಲಿ ಒಪ್ಪಿಸಬೇಕಾದ ಒಂದು ಆಶೆ ನನಗೂ ಕಾಣುತ್ತಿದೆ. ಅದು ಅಡಿಕೆ. ನಿಮ್ಮದು ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಕಾವಲು ಬಿಟ್ಟ ಹುಲ್ಲಿನ ಸೀಮೆ. ಸ್ವಲ್ಪ ಮಳೆಗೆ ಚಿಗುರಿ ಸ್ವಲ್ಪದರಲ್ಲೇ ದನ ಸಾಕುವ ನೆಲ. ಅಲ್ಲಿ ವರ್ಷವಿಡೀ ನೀರು ಕೇಳುವ ಗಿಡ ನೆಟ್ಟು, ನೀರು ಕೊಡು ದೇವರೇ ಎನ್ನುತ್ತಿದ್ದೇವೆ. ನೀವೊಬ್ಬರೇ ಅಲ್ಲ, ಸುತ್ತ ಎಲ್ಲರೂ ನೆಟ್ಟರು, ರೇಟು ಚೆನ್ನಾಗಿತ್ತು, ನೀವೂ ನೆಟ್ಟಿರಿ. ಆ ಆಶೆ ಪಾಪವಲ್ಲ. ಆದರೆ ಅದನ್ನು ಇಟ್ಟುಕೊಂಡೇ ನಾಲ್ಕನೆಯ ಬೋರಿಗೆ ಸಾಲ ಮಾಡುವುದಿದೆಯಲ್ಲ, ಅಲ್ಲಿ ನನಗೆ ಹೆದರಿಕೆ. ತೆಂಗಿನಕಾಯಿ ಅಂಗೈ ಮೇಲಿಟ್ಟು ನೀರು ನೋಡುವವರನ್ನು ಕರೆಸುವ ಮೊದಲು ಅಂತರ್ಜಲ ಇಲಾಖೆಯ ಭೂವಿಜ್ಞಾನಿಯನ್ನು ಕೇಳಿ. ಅವರು ಬೇಡ ಎಂದರೆ ಆ ಬೇಡವನ್ನೂ ಕೇಳಿಸಿಕೊಳ್ಳಿ. ಕೃಷಿಹೊಂಡ ತೋಡಿಸಿ ಒಂದು ಎಕರೆ ಉಳಿಸಿಕೊಂಡು ಉಳಿದದ್ದಕ್ಕೆ ರಾಗಿ, ಕಡಲೆ ಹಾಕುವ ಲೆಕ್ಕ ಮಾಡಿ. ಭದ್ರಾ ಮೇಲ್ದಂಡೆಯ ನೀರು ನಿಮ್ಮೂರ ಪಕ್ಕದ ಸುರಂಗ ದಾಟಿ ಚಿತ್ರದುರ್ಗದ ಕಡೆ ಹೋಗುವುದನ್ನು ನೋಡುವಾಗ ಹೊಟ್ಟೆ ಉರಿಯುತ್ತದೆಂದು ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ಅದನ್ನೂ ದೇವರ ಮುಂದೆ ಹೇಳಿ. ಊರಿನ ಕೆರೆಗೆ ಪಾಲು ಕೇಳುವ ಅರ್ಜಿಗೆ ಸಹಿಯನ್ನೂ ಹಾಕಿ. ಒಪ್ಪಿಸಿಕೊಟ್ಟವನು ಅರ್ಜಿ ಹಾಕಬಾರದೆಂದು ಎಲ್ಲೂ ಇಲ್ಲ.

ಹಬಕ್ಕೂಕನ ಪುಸ್ತಕ ಮೂರೇ ಅಧ್ಯಾಯ. ಬೆಳೆ ಹೋದರೂ ದೇವರಲ್ಲಿ ಆನಂದಿಸುತ್ತೇನೆ ಎನ್ನುವ ಅದರ ಕೊನೆಯ ಭಾಗವನ್ನು ನಾವು ಗೋಡೆಗೆ ತೂಗುಹಾಕುತ್ತೇವೆ. ಆದರೆ ಆ ಪುಸ್ತಕ ಶುರುವಾಗುವುದು ದೂರಿನಿಂದ, ಎಷ್ಟು ಕಾಲ ಕೂಗಬೇಕು ಎನ್ನುವ ದೂರಿನಿಂದ. ಕೊನೆಯಲ್ಲಿಯೂ ಅವನು ಹೋದದ್ದನ್ನೆಲ್ಲ ಒಂದೊಂದಾಗಿ ಹೆಸರಿಸುತ್ತಾನೆ: ಅಂಜೂರ, ದ್ರಾಕ್ಷಿ, ಎಣ್ಣೆಮರ, ಹೊಲ, ಹಟ್ಟಿಯ ಕುರಿ, ಕೊಟ್ಟಿಗೆಯ ದನ. ಲೆಕ್ಕ ಬರೆದಿಟ್ಟ ಹಾಗೆ. ನೀವೂ ಮನೆಯಾಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಾಲವನ್ನು ಹಾಗೆಯೇ ಪಟ್ಟಿ ಮಾಡಿ, ಬಡ್ಡಿ ಸಮೇತ. ಅದನ್ನೇ ಓದಿ ಪ್ರಾರ್ಥಿಸಿ.

ಮಾರುವ ವಿಷಯ ಈಗ ಬೇಡ. ಜೆಸ್ವಿತ್ ಸಭೆ ಕಟ್ಟಿದ ಇಗ್ನೇಷಿಯಸ್ ಲೊಯೋಲಾ ತಮ್ಮ ಧ್ಯಾನದ ಕೈಪಿಡಿಯಲ್ಲಿ ಒಂದು ನಿಯಮ ಬರೆದಿದ್ದಾರೆ. ಮನಸ್ಸು ಕತ್ತಲಲ್ಲಿರುವಾಗ, ಬೆಳಕಿದ್ದಾಗ ಮಾಡಿದ ನಿರ್ಧಾರವನ್ನು ಬದಲಿಸಬಾರದು ಎಂದು. ನಾನು ಪ್ರೊಟೆಸ್ಟೆಂಟ್, ಆದರೂ ಈ ನಿಯಮವನ್ನು ನನ್ನ ಸಭೆಯ ರೈತರಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ನಿದ್ದೆಯಿಲ್ಲದ ಮನುಷ್ಯ ಜಮೀನು ಮಾರಬಾರದು. ನಿದ್ದೆ ಬಾರದ್ದು ಹದಿನೈದು ದಿನ ದಾಟಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯರಿಗೆ ತೋರಿಸಿ, ಸಾಲದ ವಿಷಯವನ್ನು ಮಗನಿಗೆ ಇವತ್ತೇ ಫೋನು ಮಾಡಿ ಹೇಳಿ. ಅವನಿಗೆ ಗೊತ್ತಿಲ್ಲವೆಂದು ಪತ್ರ ಓದಿದರೆ ಅನಿಸುತ್ತದೆ.

ಪ್ರಶ್ನೆ: ದೈವಶಾಸ್ತ್ರ ಓದಿ ಸಭಾಪಾಲಕನಾಗಬೇಕೆಂದು ಹತ್ತನೇ ಕ್ಲಾಸಿನಿಂದ ಆಶೆ. ಎರಡು ಸಲ ಸಂದರ್ಶನಕ್ಕೆ ಹೋದೆ, ಎರಡು ಸಲವೂ ಆಯ್ಕೆಯಾಗಲಿಲ್ಲ. ದೇವರ ಸೇವೆಯ ಆಶೆಯನ್ನೇ ದೇವರು ಬೇಡವೆನ್ನುತ್ತಾನೆಯೇ? — ಬೀರೂರು

ಉತ್ತರ: ತಮ್ಮಾ, ನಿಮ್ಮೂರಿನಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗುವಾಗ ತುಮಕೂರಿಗಿಂತ ಮೊದಲು ಗುಬ್ಬಿ ಸಿಗುತ್ತದೆ. 1839ರಲ್ಲಿ ಐರ್ಲೆಂಡಿನ ವಿಲಿಯಂ ಆರ್ಥರ್ ಎಂಬ ಇಪ್ಪತ್ತು ವರ್ಷದ ವೆಸ್ಲಿಯನ್ ಬೋಧಕ ಗುಬ್ಬಿಯ ಕೆಲಸಕ್ಕಾಗಿ ಕಡಲು ದಾಟಿದ. ಆರೋಗ್ಯ ಕೈಕೊಟ್ಟು 1841ರಲ್ಲೇ ಮರಳಬೇಕಾಯಿತು. ಇಪ್ಪತ್ತೆರಡು ವರ್ಷಕ್ಕೆ ಆ ಬಾಗಿಲು ಮುಚ್ಚಿತು. ಅವನು 1847ರಲ್ಲಿ ಮೈಸೂರು ಸೀಮೆಯ ಬಗ್ಗೆ ಒಂದು ಪುಸ್ತಕ ಬರೆದ. 1851ರಿಂದ ವೆಸ್ಲಿಯನ್ ಮಿಷನ್ನಿನ ಕಾರ್ಯದರ್ಶಿಯಾದ, ಗುಬ್ಬಿಯಂಥ ಎಷ್ಟೋ ಊರುಗಳಿಗೆ ಬೇರೆಯವರನ್ನು ಕಳಿಸುವ ಕೆಲಸ ಅದು. ಪವಿತ್ರಾತ್ಮನ ಬಗ್ಗೆ 1856ರಲ್ಲಿ ಅವನು ಬರೆದ ಪುಸ್ತಕ ಬಹಳ ದೂರ ಹೋಯಿತು.

ಗುಬ್ಬಿ ಹೋಯಿತು, ಅದಕ್ಕಿಂತ ದೊಡ್ಡದು ಸಿಕ್ಕಿತು ಎಂದು ನಾನು ಇದನ್ನು ಮುಗಿಸುವುದಿಲ್ಲ. ಎಲ್ಲ ಮುಚ್ಚಿದ ಬಾಗಿಲಿನ ಪಕ್ಕದಲ್ಲೂ ಇನ್ನೊಂದು ಬಾಗಿಲು ಇರುತ್ತದೆಂದು ಹೇಳುವ ಸಾಕ್ಷಿಗಳನ್ನು ಕೇಳಿ ಕೇಳಿ ನನಗೆ ಸಾಕಾಗಿದೆ, ಬಾಗಿಲು ಸಿಗದವರನ್ನು ಅವು ಇನ್ನಷ್ಟು ನೋಯಿಸುತ್ತವೆ. ನಾನು ಹೇಳುವುದು ಇಷ್ಟೇ: ಆರ್ಥರನನ್ನು ಹಿಂದಕ್ಕೆ ಕಳಿಸಿದ್ದು ಅವನ ದೇಹ, ನಿನ್ನನ್ನು ಕಳಿಸಿದ್ದು ಒಂದು ಸಮಿತಿ. ಸಮಿತಿ ದೇವರಲ್ಲ. ಹಾಗೆಂದು ಸಮಿತಿಯ ಮಾತಿನಲ್ಲಿ ದೇವರಿಲ್ಲ ಎಂದೂ ಹೇಳಲಾರೆ. ಏಕೆ ಬೇಡವೆಂದರು ಎಂದು ವಿನಯದಿಂದ ಕೇಳಿ ತಿಳಿದುಕೋ. ಓದು ಸಾಲದೆಂದರೆ ಓದು. ಮೂರನೆಯ ಸಲವೂ ಹೋಗು, ಪೌಲನೂ ತನ್ನ ಮುಳ್ಳಿನ ವಿಷಯ ಮೂರು ಸಲ ಬೇಡಿಕೊಂಡ. ಅಲ್ಲಿಯವರೆಗೆ ಬೀರೂರಿನಲ್ಲಿ ಸಂಡೇ ಸ್ಕೂಲ್ ನಡೆಸುವವರು ಯಾರು? ಬಿಳಿ ನಿಲುವಂಗಿಯಿಲ್ಲದೆ ಆ ಮಕ್ಕಳ ಜೊತೆ ಒಂದು ವರ್ಷ ಇರು. ನಿನಗೆ ಬೇಕಾಗಿದ್ದದ್ದು ಸೇವೆಯೋ ನಿಲುವಂಗಿಯೋ ಎಂಬುದು ನಿನಗೇ ತಿಳಿಯುತ್ತದೆ. ಸೆಮಿನರಿಗೆ ಹೋಗುವ ಮೊದಲು ನನಗೆ ಅದು ಗೊತ್ತಿರಲಿಲ್ಲ, ಗೊತ್ತಾಗಲು ಬಹಳ ವರ್ಷ ಹಿಡಿಯಿತು.

ಪ್ರಶ್ನೆ: ಪೂಜ್ಯರೇ, ನಾವು ಕಥೋಲಿಕರು, ನೀವು ಸಿ.ಎಸ್.ಐ.ನವರು, ಆದರೂ ಬರೆಯುತ್ತಿದ್ದೇನೆ. ಎರಡು ವರ್ಷದ ಹಿಂದೆ ನನ್ನ ಮಗ ಬಿ.ಎಚ್. ರಸ್ತೆಯಲ್ಲಿ ಬೈಕಿಗೆ ಲಾರಿ ಬಡಿದು ತೀರಿಕೊಂಡ. 23 ವರ್ಷ. ಬಂದವರೆಲ್ಲ ದೇವರ ಚಿತ್ತ ಎಂದರು. ಅಂದಿನಿಂದ ಪೂಜೆಗೆ ಹೋಗುತ್ತೇನೆ, ಆದರೆ ಪರಲೋಕ ಮಂತ್ರದಲ್ಲಿ ಆ ಒಂದು ಸಾಲು ಬಂದಾಗ ಬಾಯಿ ಮುಚ್ಚಿಕೊಳ್ಳುತ್ತೇನೆ. ಉಳಿದದ್ದನ್ನು ಹೇಳುತ್ತೇನೆ. ಇದು ದೊಡ್ಡ ಪಾಪವೇ? — ಒಬ್ಬ ತಾಯಿ, ತರೀಕೆರೆ

ಉತ್ತರ: ಅಮ್ಮಾ, ಪಾಪವಲ್ಲ.

ಸೇವೆಗೆ ಸೇರಿದ ಎರಡನೆಯ ವರ್ಷ ಒಂದು ಮಗುವಿನ ಭೂಸ್ಥಾಪನೆಯಲ್ಲಿ ನಾನೂ ಆ ಮಾತು ಹೇಳಿದ್ದೆ. ಗುಂಡಿಯ ಅಂಚಿನಲ್ಲಿ ನಿಂತಿದ್ದ ಅದರ ತಾಯಿ ತಲೆಯೆತ್ತಿ ನನ್ನನ್ನು ನೋಡಿದಳು. ಏನೂ ಅನ್ನಲಿಲ್ಲ. ಆ ನೋಟಕ್ಕೆ ಉತ್ತರ ಹುಡುಕುತ್ತಲೇ ನಾನು ನಿವೃತ್ತನಾದೆ. ನನಗೆ ಮಾತು ಬೇಕಿತ್ತು, ಮೌನ ತಡೆಯಲಾಗಲಿಲ್ಲ, ಅದಕ್ಕೆ ಹೇಳಿದೆ. ನಿಮ್ಮ ಮನೆಗೆ ಬಂದವರೂ ಬಹುಶಃ ಹಾಗೆಯೇ ಹೇಳಿದರು. ಅವರನ್ನು ಕ್ಷಮಿಸಿ ಎಂದು ಇವತ್ತೇ ಕೇಳುವುದಿಲ್ಲ.

ನಿಮ್ಮ ಮಗನ ಸಾವನ್ನು ದೇವರು ಬಯಸಿದನೆಂದು ನಾನು ನಂಬುವುದಿಲ್ಲ. ಸಿಲೋವಾಮಿನಲ್ಲಿ ಗೋಪುರ ಬಿದ್ದು ಹದಿನೆಂಟು ಜನ ಸತ್ತಾಗ ಅವರು ಉಳಿದವರಿಗಿಂತ ಕೆಟ್ಟವರಾಗಿದ್ದರು ಎಂಬ ಎಣಿಕೆಯನ್ನು ಕರ್ತರೇ ಅಲ್ಲಗಳೆದರು. ಲಾಜರನ ಸಮಾಧಿಯ ಕಡೆ ಹೊರಟಾಗ ಅವನ ಅಕ್ಕತಂಗಿಯರಿಗೆ ಇದು ದೇವರ ಚಿತ್ತ ಎನ್ನಲಿಲ್ಲ, ಕಣ್ಣೀರು ಹಾಕಿದರು. ಸ್ವಲ್ಪ ಹೊತ್ತಿನಲ್ಲೇ ಅವನನ್ನು ಎಬ್ಬಿಸಲಿದ್ದೇನೆಂದು ಗೊತ್ತಿದ್ದೂ ಅತ್ತರು. ಲಾರಿಯ ವೇಗ, ರಸ್ತೆಯ ತಿರುವು, ದೀಪವಿಲ್ಲದ ಕತ್ತಲು, ಇವುಗಳಲ್ಲಿ ಮನುಷ್ಯರ ಪಾಲು ಎಷ್ಟೆಂದು ಲೆಕ್ಕ ಹಾಕುವುದನ್ನು ಬಿಟ್ಟು ಎಲ್ಲವನ್ನೂ ದೇವರ ಹೆಸರಿಗೆ ಬರೆಯುವುದು ಭಕ್ತಿಯಲ್ಲ. ಅಪಘಾತದ ಕೇಸು ಇನ್ನೂ ನಡೆಯುತ್ತಿದ್ದರೆ ನಡೆಸಿ. ಒಪ್ಪಿಸಿಬಿಡು, ಕೇಸು ಬಿಡು ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ.

ಆ ಪ್ರಾರ್ಥನೆಯನ್ನು ಒಮ್ಮೆ ಗಮನಿಸಿ. ದೇವರ ಚಿತ್ತ ಪರಲೋಕದಲ್ಲಿ ನಡೆಯುವ ಹಾಗೆ ಭೂಮಿಯ ಮೇಲೂ ನಡೆಯಬೇಕೆಂದು ಅಲ್ಲಿ ಬೇಡುತ್ತೇವೆ. ಈಗಾಗಲೇ ನಡೆಯುತ್ತಿದ್ದರೆ ಬೇಡುವುದೇಕೆ? ಬಿ.ಎಚ್. ರಸ್ತೆಯಲ್ಲಿ ಆ ರಾತ್ರಿ ಅದು ನಡೆಯಲಿಲ್ಲ. ನಾನು ಆ ಸಾಲನ್ನು ಈಗ ಹೇಳುವುದು ಹಾಗೆ ನೆನೆದುಕೊಂಡೇ. ನೀವೂ ಹಾಗೆಯೇ ಹೇಳಬೇಕೆಂದಿಲ್ಲ.

ಆಶೆಯನ್ನು ಒಪ್ಪಿಸುವ ಮಾತು ನಿಮಗೆ ಹೇಗೆ ಹೇಳಲಿ? ನಿಮ್ಮ ಆಶೆ ಮಗ ತಿರುಗಿ ಬರಬೇಕೆಂಬುದು. ಅದನ್ನು ಬಿಟ್ಟುಕೊಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ, ಬಿಟ್ಟುಕೊಡಬೇಕಾಗಿಯೂ ಇಲ್ಲ. ಸತ್ತವರು ಏಳುವರೆಂದು ನಾವಿಬ್ಬರೂ, ನೀವು ನಿಮ್ಮ ಚರ್ಚಿನಲ್ಲಿ ನಾನು ನನ್ನ ಚರ್ಚಿನಲ್ಲಿ, ಪ್ರತಿ ಭಾನುವಾರ ಎದ್ದು ನಿಂತು ಹೇಳುತ್ತೇವೆ. ಅಲ್ಲಿಯವರೆಗೆ ಆ ಆಶೆಯನ್ನು ದೇವರ ಮುಂದೆ ಹೇಳುತ್ತಲೇ ಇರಿ, ಜಗಳದ ದನಿಯಲ್ಲಾದರೂ ಸರಿ. ಹನ್ನಳು ಎಷ್ಟು ಒದ್ದಾಡಿ ಬೇಡಿಕೊಂಡಳೆಂದರೆ ಯಾಜಕ ಏಲಿ ಅವಳು ಕುಡಿದಿದ್ದಾಳೆಂದುಕೊಂಡ. ತಪ್ಪು ತಿಳಿದವನು ಯಾಜಕ, ದೇವರಲ್ಲ.

ಬಾಯಿ ಮುಚ್ಚಿಕೊಳ್ಳುವ ಆ ಸಾಲಿನ ಬಗ್ಗೆ: ಕರ್ತರು ಆ ಪ್ರಾರ್ಥನೆಯನ್ನು ಕಲಿಸುವಾಗ "ನನ್ನ" ಎನ್ನಲಿಲ್ಲ, "ನಮ್ಮ" ಎಂದರು. ಆ ಸಾಲು ಬಂದಾಗ ನೀವು ಸುಮ್ಮನಿರಿ. ಪಕ್ಕದ ಬೆಂಚಿನವರು ನಿಮ್ಮ ಪಾಲನ್ನೂ ಸೇರಿಸಿ ಹೇಳುತ್ತಾರೆ. ನಾನೂ ಇಲ್ಲಿಂದ ಹೇಳುತ್ತೇನೆ.

ಪತ್ರದಲ್ಲಿ ಮಗನ ಹೆಸರು ಬರೆದಿಲ್ಲ. ನವೆಂಬರ್ 2ಕ್ಕೆ, ಸಕಲ ಮೃತರ ದಿನ, ನೀವು ಸಮಾಧಿಗೆ ಹೂವು ಇಡುವ ಹೊತ್ತಿಗೆ ನಾನೂ ಅವನನ್ನು ಹೆಸರಿಟ್ಟು ನೆನೆಯಬೇಕು. ಇನ್ನೊಂದು ಪತ್ರ ಬರೆಯಿರಿ. ಹೆಸರಿನ ಜೊತೆಗೆ ಅವನಿಗೆ ಏನು ತಿನ್ನುವುದು ಇಷ್ಟವಿತ್ತು, ಮನೆಗೆ ಬಂದ ಕೂಡಲೇ ನಿಮ್ಮನ್ನು ಏನೆಂದು ಕೂಗುತ್ತಿದ್ದ, ಅದನ್ನೂ ಬರೆಯಿರಿ. ಎಷ್ಟು ಪುಟವಾದರೂ ಆಗಲಿ.